ಫುಟ್‌ಬಾಲ್ ಆಡುವ ಮಕ್ಕಳ ತಲೆಪೆಟ್ಟು: ಡಾಕ್ಟರನ್ನು ಕೇಳಿ

ಅಡ್ಮಿನ್: ಟೆಕ್ಸಾಸ್‌ನಲ್ಲಿರುವ ನಮ್ಮ ಕನ್ನಡ ಪೋಷಕರ ಗುಂಪಿಗೆ ಇವತ್ತು ನರರೋಗದ ಡಾಕ್ಟರ್ ಮೇಡಂ ಬಂದಿದ್ದಾರೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಗುವ ಕನ್‌ಕಶನ್, ಅಂದರೆ ತಲೆ ಜೋರಾಗಿ ಅಲುಗಿ ಮೆದುಳಿಗೆ ಆಗುವ ಪೆಟ್ಟಿನ ಬಗ್ಗೆ ಕೇಳಿ. ಫಾರ್ವರ್ಡ್ ಬೇಡ.

ಫ್ರಿಸ್ಕೋ ಅಪ್ಪ: ನಮಸ್ಕಾರ ಮೇಡಂ. ಮಗ ಏಳನೇ ಕ್ಲಾಸ್. ದುಬಾರಿ ಹೆಲ್ಮೆಟ್ ಕೊಡಿಸಿದರೆ ಕನ್‌ಕಶನ್ ಆಗಲ್ಲ ಅಲ್ವಾ?

ಡಾಕ್ಟರ್: ನಮಸ್ಕಾರ. ಆಗುತ್ತದೆ. ಹೆಲ್ಮೆಟ್ ಇರುವುದು ಮುಖ್ಯವಾಗಿ ಬುರುಡೆ ಒಡೆಯದಿರಲಿ ಅಂತ. ಓಡುತ್ತಿದ್ದ ತಲೆ ಥಟ್ಟನೆ ನಿಂತಾಗ ಒಳಗೆ ಮೆದುಳು ಅಲುಗುತ್ತದೆ, ತಿರುಚಿಕೊಳ್ಳುತ್ತದೆ. ಅದನ್ನು ಯಾವ ಹೆಲ್ಮೆಟ್ಟೂ ಪೂರ್ತಿ ತಡೆಯುವುದಿಲ್ಲ. ಬೆಲೆಗಿಂತ ಅಳತೆ ಸರಿ ಇದೆಯಾ ನೋಡಿ.

ಆಸ್ಟಿನ್ ಅಪ್ಪ: ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ 111 ಆಟಗಾರರಲ್ಲಿ 110 ಜನಕ್ಕೆ ಸಿಟಿಇ ಅನ್ನುವ, ಮೆದುಳು ಹಾಳಾಗುತ್ತಾ ಹೋಗುವ ಕಾಯಿಲೆ ಇತ್ತಂತೆ. ಅಂದರೆ ಆಡಿದವರಿಗೆಲ್ಲ ಬರುತ್ತದಾ?

ಡಾಕ್ಟರ್: ಅದು ಬಾಸ್ಟನ್ ಯೂನಿವರ್ಸಿಟಿಯವರು 2017ರಲ್ಲಿ ಪ್ರಕಟಿಸಿದ ಲೆಕ್ಕ. ಅವು ದಾನವಾಗಿ ಬಂದ ಮೆದುಳುಗಳು. ಮರೆವು, ಸಿಟ್ಟು, ಖಿನ್ನತೆ ಕಂಡ ಮನೆಯವರೇ ಹೆಚ್ಚಾಗಿ ದಾನ ಕೊಡುತ್ತಾರೆ. ಹಾಗಾಗಿ ಎಲ್ಲ ಆಟಗಾರರಿಗೂ ಇದೇ ಲೆಕ್ಕ ಹಾಕುವ ಹಾಗಿಲ್ಲ. ಹಾಗಂತ ನಿಶ್ಚಿಂತೆಯಿಂದ ಇರುವ ಹಾಗೂ ಇಲ್ಲ. ಪಿಟ್ಸ್‌ಬರ್ಗ್ ತಂಡದ ಮೈಕ್ ವೆಬ್‌ಸ್ಟರ್ 2002ರಲ್ಲಿ ತೀರಿಕೊಂಡಾಗ ಬರೀ 50 ವರ್ಷ. ಅವರ ಮೆದುಳಲ್ಲಿ ಟೌ ಅನ್ನುವ ಪ್ರೋಟೀನ್ ಗಂಟುಗಟ್ಟಿದ್ದನ್ನು, ಅಂದರೆ ಸಿಟಿಇಯ ಗುರುತನ್ನು, ಡಾ. ಬೆನೆಟ್ ಒಮಾಲು ಕಂಡು 2005ರಲ್ಲಿ ಬರೆದರು. ಆ ಲೇಖನ ವಾಪಸ್ ತೆಗೆದುಕೊಳ್ಳಿ ಅಂತ ಲೀಗ್‌ನ ಡಾಕ್ಟರುಗಳೇ ಒತ್ತಾಯಿಸಿದರು. ಅದನ್ನು ನಾನು ಈಗಲೂ ಕ್ಷಮಿಸಿಲ್ಲ. ಇನ್ನೊಂದು ಮಾತು. ಸಿಟಿಇಗೆ ಕನ್‌ಕಶನ್ನೇ ಆಗಬೇಕಂತಿಲ್ಲ, ವರ್ಷಗಟ್ಟಲೆ ಬೀಳುವ ಸಣ್ಣ ಪೆಟ್ಟುಗಳೂ ಸಾಕು. ಬದುಕಿರುವಾಗ ಅದನ್ನು ಖಚಿತವಾಗಿ ಪತ್ತೆ ಮಾಡುವ ಟೆಸ್ಟ್ ಇಲ್ಲ.

ಇರ್ವಿಂಗ್ ಅಮ್ಮ: ಮೇಡಂ, ನನ್ನ ಮಗಳು ಸಾಕರ್ ಆಡುತ್ತಾಳೆ. ಹೆಡ್ಡಿಂಗ್, ಅಂದರೆ ತಲೆಯಿಂದ ಚೆಂಡು ಹೊಡೆಯುವುದು, ಮಾಡಬಹುದಾ?

ಪ್ಲೇನೋ ಅಮ್ಮ: ಮಗನಿಗೆ 15. ಶುಕ್ರವಾರದ ಮ್ಯಾಚ್‌ನಲ್ಲಿ ತಲೆಗೆ ತಲೆ ಬಡಿಯಿತು. ಕೋಚ್ ಗಮನಿಸಲಿಲ್ಲ, ಇವನೂ ಹೇಳಲಿಲ್ಲ. ಸೋಮವಾರ ಪ್ರಾಕ್ಟೀಸ್‌ಗೂ ಹೋದ. ಇವತ್ತು ಬುಧವಾರ, ತಲೆನೋವು ಹೋಗಿಲ್ಲ. ಊಟಕ್ಕೆ ಕೂತರೆ ಅಡುಗೆಮನೆ ಲೈಟ್ ಆರಿಸು ಅನ್ನುತ್ತಾನೆ. ಹಿಸ್ಟರಿ ಪುಸ್ತಕದ ಒಂದೇ ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಮತ್ತೆ ಓದುತ್ತಾನೆ. ಗಟ್ಟಿಯಾಗಿ ಕೇಳಿದ ಮೇಲೆ, ಹಿಂದಿನ ವಾರವೂ ಪೆಟ್ಟು ಬಿದ್ದಿತ್ತು ಅಂದ. ಇವತ್ತು ಸಂಜೆ ಪ್ರಾಕ್ಟೀಸ್ ಇದೆ.

ಡಾಕ್ಟರ್: ಅಮ್ಮ, ಕಳಿಸಬೇಡಿ. ಮೊದಲು ಇದಕ್ಕೆ ಉತ್ತರ ಹೇಳಿ. ತಲೆನೋವು ಜಾಸ್ತಿ ಆಗುತ್ತಿದೆಯಾ? ವಾಂತಿ ಆಯಿತಾ? ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಿದೆಯಾ? ಮಾತು ತೊದಲುತ್ತಿದೆಯಾ? ಎಬ್ಬಿಸಿದರೆ ಏಳುವುದು ಕಷ್ಟವಾ?

ನನಗೆ ಭಯ ಆಗಿದ್ದು ಎರಡನೇ ಪೆಟ್ಟಿನ ವಿಷಯಕ್ಕೆ. ಮೊದಲನೆಯದು ವಾಸಿಯಾಗುವ ಮುಂಚೆ ಇನ್ನೊಂದು ಬಿದ್ದರೆ ಮೆದುಳು ನಿಮಿಷಗಳಲ್ಲಿ ಊದಿಕೊಳ್ಳಬಹುದು. ಅಪರೂಪ, ಆದರೆ ಆಗುವುದು ಹೆಚ್ಚಾಗಿ ಈ ವಯಸ್ಸಿನವರಿಗೇ. 2006ರಲ್ಲಿ ವಾಷಿಂಗ್ಟನ್ ರಾಜ್ಯದ ಝ್ಯಾಕರಿ ಲಿಸ್ಟೆಡ್ ಅನ್ನುವ 13 ವರ್ಷದ ಹುಡುಗ, ತಲೆಗೆ ಪೆಟ್ಟು ಬಿದ್ದ ಮ್ಯಾಚ್‌ನಲ್ಲೇ ಮತ್ತೆ ಆಡಿದ. ಮ್ಯಾಚ್ ಮುಗಿಯುತ್ತಲೇ ಕುಸಿದ. ಒತ್ತಡ ಇಳಿಸಲು ಬುರುಡೆಯ ಎರಡೂ ಬದಿ ತೆಗೆಯಬೇಕಾಯಿತು. ಮೊದಲ ಮಾತು ಬರಲು ತಿಂಗಳುಗಳೇ ಹಿಡಿದವು. ತಲೆಗೆ ಪೆಟ್ಟು ಬಿದ್ದ ಮಕ್ಕಳನ್ನು ವೈದ್ಯರ ಒಪ್ಪಿಗೆ ಇಲ್ಲದೆ ಮತ್ತೆ ಆಡಿಸಬಾರದು ಅಂತ 2009ರಲ್ಲಿ ಅವನ ಹೆಸರಲ್ಲೇ ಕಾನೂನು ಬಂತು. ಈಗ 50 ರಾಜ್ಯಗಳಲ್ಲೂ ಇಂಥ ಕಾನೂನಿದೆ.

ಮಗನನ್ನು ಬೈಯಬೇಡಿ. ಟೀಮ್‌ನಿಂದ ತೆಗೆಯುತ್ತಾರೆ ಅಂತ ಮಕ್ಕಳು ಮುಚ್ಚಿಡುತ್ತಾರೆ. ಕೋಚ್‌ಗೂ ಸ್ಕೂಲಿನ ಅಥ್ಲೆಟಿಕ್ ಟ್ರೈನರ್‌ಗೂ ಇವತ್ತೇ ಇಮೇಲ್ ಹಾಕಿ, ಬರೀ ಬಾಯಿಮಾತು ಬೇಡ.

ಹ್ಯೂಸ್ಟನ್ ಅಂಕಲ್: ಫಾರ್ವರ್ಡ್ ಆಗಿ ಬಂದಿದ್ದು: ತಲೆಗೆ ಏಟು ಬಿದ್ದರೆ ಮೂಗಿಗೆ ಎರಡು ಹನಿ ತುಪ್ಪ ಬಿಡಿ, ಮೆದುಳಿನ ಊತ ಇಳಿಯುತ್ತದೆ. ರಾತ್ರಿಯಿಡೀ ಮಲಗಲು ಬಿಡಬೇಡಿ. ನೋವಿಗೆ ಆಸ್ಪಿರಿನ್.

ಡಾಕ್ಟರ್: ತುಪ್ಪ ಮೆದುಳಿಗೆ ಹೋಗುವುದಿಲ್ಲ. ಆಸ್ಪಿರಿನ್ ಕೊಡಲೇಬೇಡಿ, ಒಳಗೆ ರಕ್ತ ಸೋರುತ್ತಿದ್ದರೆ ಜಾಸ್ತಿ ಆಗುತ್ತದೆ. ಡಾಕ್ಟರ್ ನೋಡಿ ಅಪಾಯದ ಲಕ್ಷಣ ಇಲ್ಲ ಅಂದ ಮೇಲೆ ನಿದ್ದೆ ಒಳ್ಳೆಯದೇ. ದಯವಿಟ್ಟು ಇಂಥದ್ದನ್ನು ಇಲ್ಲಿ ಹಾಕಬೇಡಿ.

ಹ್ಯೂಸ್ಟನ್ ಅಂಕಲ್: ನಮ್ಮ ಅಜ್ಜಿ ಕಾಲದ್ದು ಮೇಡಂ. ಅಷ್ಟಕ್ಕೂ ಈ ಆಟಕ್ಕೆ ಮಕ್ಕಳನ್ನು ಬಿಡುವುದೇ ತಪ್ಪು. ಎನ್‌ಎಫ್‌ಎಲ್ ಆಟಗಾರ ಹ್ಯಾಮ್ಲಿನ್ ಮೈದಾನದಲ್ಲೇ ಬಿದ್ದಿದ್ದು ನೋಡಲಿಲ್ವಾ? ಕ್ರಿಕೆಟ್ ಆಡಿಸಿ.

ಆಸ್ಟಿನ್ ಅಪ್ಪ: 2014ರಲ್ಲಿ ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ಫಿಲ್ ಹ್ಯೂಸ್ ಸತ್ತಿದ್ದು ಕ್ರಿಕೆಟ್‌ನಲ್ಲೇ ಸ್ವಾಮಿ.

ಹ್ಯೂಸ್ಟನ್ ಅಂಕಲ್: ಒಂದು ಉದಾಹರಣೆ ಇಟ್ಟುಕೊಂಡು ವಾದ ಮಾಡಬೇಡಿ. ಶುಕ್ರವಾರ ಸ್ಟೇಡಿಯಂನಲ್ಲಿ ಕೂತು ಚಪ್ಪಾಳೆ ತಟ್ಟುವವರು ನೀವೇ.

ಆಸ್ಟಿನ್ ಅಪ್ಪ: ನನ್ನ ಮಗನಿಗೆ ಈ ಊರಲ್ಲಿ ಗೆಳೆಯರು ಸಿಕ್ಕಿದ್ದೇ ಆ ಟೀಮ್‌ನಿಂದ. ನಿಮ್ಮ ಮಕ್ಕಳು ಆಡಲಿಲ್ಲ, ಸುಮ್ನೆ ಇರಿ.

ಡಾಕ್ಟರ್: ಹ್ಯಾಮ್ಲಿನ್‌ಗೆ ಪೆಟ್ಟು ಬಿದ್ದಿದ್ದು ಎದೆಗೆ, ನಿಂತಿದ್ದು ಹೃದಯ. ಹ್ಯೂಸ್‌ಗೆ ಚೆಂಡು ಬಡಿದು ಕತ್ತಿನ ರಕ್ತನಾಳ ಹರಿಯಿತು. ಎರಡೂ ಕನ್‌ಕಶನ್ ಅಲ್ಲ. ಪ್ಲೇನೋ ಅಮ್ಮ, ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ.

ಇರ್ವಿಂಗ್ ಅಮ್ಮ: ಮೇಡಂ, ಹೆಡ್ಡಿಂಗ್ ಬಗ್ಗೆ?

ಮೆಕಿನ್ನಿ ಅಪ್ಪ: ಯಾವ ಹೆಲ್ಮೆಟ್ ಒಳ್ಳೆಯದು ಮೇಡಂ?

ಡಾಕ್ಟರ್: ಮೇಲೆ ಓದಿ.

ಪ್ಲೇನೋ ಅಮ್ಮ: ನೋವು ನಿನ್ನೆಗಿಂತ ಜಾಸ್ತಿ. ಬೆಳಗ್ಗೆ ಎರಡು ಸಲ ವಾಂತಿ ಆಯಿತು. ರಾತ್ರಿ ತಿಂದಿದ್ದು ಸೇರಲಿಲ್ಲ ಅಂದುಕೊಂಡೆ.

ಡಾಕ್ಟರ್: ಈ ಕ್ಷಣ ಎಮರ್ಜೆನ್ಸಿಗೆ ಹೊರಡಿ. ಮಂಕಾದರೆ, ಫಿಟ್ಸ್ ಬಂದರೆ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ. ಎರಡು ವಾರದಲ್ಲಿ ಎರಡು ಪೆಟ್ಟು ಅಂತ ಅಲ್ಲಿ ಮೊದಲೇ ಹೇಳಿ.

ಹ್ಯೂಸ್ಟನ್ ಅಂಕಲ್: ಹೆದರಿಸುವುದು ಜಾಸ್ತಿ ಆಯಿತು ಅನ್ನಿಸುತ್ತದೆ.

ಡಾಕ್ಟರ್: ನೀವು ಇನ್ನು ಬರೆಯಬೇಡಿ.

ಅಡ್ಮಿನ್: ಎಲ್ಲರೂ ಸ್ವಲ್ಪ ತಡೆಯಿರಿ.

ಪ್ಲೇನೋ ಅಮ್ಮ: ಸ್ಕ್ಯಾನ್ ಆಯಿತು ಮೇಡಂ, ರಕ್ತಸ್ರಾವ ಇಲ್ಲ ಅಂದರು. ದೇವರು ದೊಡ್ಡವನು. ಸ್ಕ್ಯಾನ್ ನಾರ್ಮಲ್ ಇದೆಯಲ್ಲ, ಈ ಶುಕ್ರವಾರ ಆಡಬಹುದಾ ಅಂತ ಕೇಳುತ್ತಿದ್ದಾನೆ.

ಡಾಕ್ಟರ್: ನನಗೂ ಜೀವ ಬಂದ ಹಾಗಾಯಿತು. ಆದರೆ ಆಡುವ ಹಾಗಿಲ್ಲ. ಸ್ಕ್ಯಾನ್‌ನಲ್ಲಿ ನೋಡುವುದು ರಕ್ತ, ಮುರಿತ. ಕನ್‌ಕಶನ್ ಅದರಲ್ಲಿ ಕಾಣುವುದಿಲ್ಲ. ಒಂದೆರಡು ದಿನ ಓದು, ಫೋನ್ ಎಲ್ಲ ಕಡಿಮೆ ಇರಲಿ. ಆಮೇಲೆ ಮನೆ ಹತ್ತಿರ ನಡೆದಾಡಲಿ, ಕತ್ತಲೆ ಕೋಣೆಯಲ್ಲಿ ಕೂಡಿಹಾಕಬೇಡಿ. ಲಕ್ಷಣ ಎಲ್ಲ ಹೋಗಿ, ಡಾಕ್ಟರ್ ಬರೆದುಕೊಡುವವರೆಗೆ ಮೈಗೆ ಮೈ ತಾಗುವ ಆಟ ಬೇಡ. ಆಟಕ್ಕೆ ಮರಳುವುದು ಆರು ಹಂತಗಳಲ್ಲಿ, ಒಂದೊಂದಕ್ಕೂ ಕನಿಷ್ಠ 24 ಗಂಟೆ. ತಲೆನೋವು ಮತ್ತೆ ಬಂದರೆ ಒಂದು ಹಂತ ಹಿಂದಕ್ಕೆ. ಅವನಿಗೆ ಫೋನ್ ಕೊಡಿ, ನಾನೇ ಮಾತಾಡುತ್ತೇನೆ.