ಎಐ ಮುಂದೆ ಪಾಪನಿವೇದನೆ: ಮೇಷ್ಟ್ರಿಗೆ ಕೇಳಿದ್ದು

(ಧಾರವಾಡದ ನಿವೃತ್ತ ಮೇಷ್ಟ್ರು, ಧರ್ಮಗಳ ತೌಲನಿಕ ಅಧ್ಯಯನ ಕಲಿಸಿದವರು, ಗುಂಪಿನಲ್ಲಿ ಉತ್ತರಿಸಿದ್ದು. ವಿಷಯ: ಎಐ ಬಗ್ಗೆ ಬೌದ್ಧ, ಕ್ರೈಸ್ತ ನೋಟ.)

ಹುಬ್ಬಳ್ಳಿ ಸದಸ್ಯ: ಸರ್, ಎಐಗೆ ಆತ್ಮ ಇದೆಯಾ?

ಮೇಷ್ಟ್ರು: ಕ್ರೈಸ್ತರ ಪ್ರಕಾರ ಇಲ್ಲ. ಬೌದ್ಧರು ಮನುಷ್ಯನಲ್ಲೇ ಬದಲಾಗದ ಆತ್ಮ ಒಪ್ಪುವುದಿಲ್ಲ.

ಗದಗ ಸದಸ್ಯೆ: ಸರ್, ನಮ್ಮ ತಮ್ಮ ಕ್ಯಾಥೊಲಿಕ್ ಚರ್ಚಿಗೆ ಹೋಗೋದು ಬಿಟ್ಟಿದ್ದಾನೆ. ರಾತ್ರಿ ಎರಡರ ತನಕ ತನ್ನ ತಪ್ಪನ್ನೆಲ್ಲ ಎಐಗೆ ಹೇಳಿಕೊಳ್ಳುತ್ತಾನೆ. ‘ನಿನ್ನ ಪಾಪ ಕ್ಷಮಿಸಲಾಗಿದೆ’ ಅಂತ ಅದು ಬರೆದದ್ದರ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದಾನೆ. ಊಟ ಸೇರ್ತಿಲ್ಲ.

ಮೇಷ್ಟ್ರು: ತಂಗಿ, ಓದಿ ಚಿಂತೆ ಆಯಿತು. ಕ್ಯಾಥೊಲಿಕರಲ್ಲಿ ಪಾಪನಿವೇದನೆ ಚರ್ಚಿನ ಗುರುಗಳ (ಪಾದ್ರಿಗಳ) ಎದುರೇ ಆಗಬೇಕು. ಇಂಟರ್‌ನೆಟ್‌ನಲ್ಲಿ ಪಾಪನಿವೇದನೆಯಂಥ ಸಂಸ್ಕಾರಗಳಿಲ್ಲ ಎಂದು ಕ್ಯಾಥೊಲಿಕರ ಕೇಂದ್ರವಾದ ವ್ಯಾಟಿಕನ್ 2002ರಲ್ಲೇ ಹೇಳಿದೆ. 2024ರಲ್ಲಿ ಅಮೆರಿಕದ ಒಂದು ಸಂಸ್ಥೆ ಪಾದ್ರಿ ವೇಷದ ಎಐ ಬಿಟ್ಟಿತ್ತು. ಅದು ಪಾಪಕ್ಷಮೆಯನ್ನೂ ಕೊಟ್ಟಿತು! ಕೆಲವೇ ದಿನಗಳಲ್ಲಿ ವೇಷ ಕಳಚಿಸಿದರು. 2025ರ ಜನವರಿಯಲ್ಲಿ ವ್ಯಾಟಿಕನ್ ಹೊರಡಿಸಿದ ‘ಆಂಟಿಕ್ವಾ ಎಟ್ ನೋವಾ’ ಎಂಬ ಎಐ ಕುರಿತ ದಾಖಲೆ ಕೂಡ, ಎಐಯನ್ನು ವ್ಯಕ್ತಿ ಎಂದು ತೋರಿಸಬಾರದು ಎನ್ನುತ್ತದೆ.

ಬೌದ್ಧ ಭಿಕ್ಷುಗಳೂ ಉಪೋಸಥಕ್ಕೆ (ಹುಣ್ಣಿಮೆ, ಅಮಾವಾಸ್ಯೆಯಲ್ಲಿ ಸೇರಿ ನಿಯಮ ಪಠಿಸುವ ಸಭೆ) ಮೊದಲು ತಪ್ಪನ್ನು ಇನ್ನೊಬ್ಬ ಭಿಕ್ಷುವಿನ ಎದುರು ಒಪ್ಪಿಕೊಳ್ಳುತ್ತಾರೆ. ಕೇಳಿದವರು ‘ಮುಂದೆ ಎಚ್ಚರವಾಗಿರು’ ಅಂತಾರೆ. ಎರಡೂ ಕಡೆ ಕೇಳುವವನು ತಾನೂ ತಪ್ಪಬಲ್ಲ ಮನುಷ್ಯ. ಆತ ನಾಳೆ ನಿಮ್ಮ ತಮ್ಮನ ಮುಖ ನೋಡಿ ‘ಹೆಂಗಿದ್ದೀಯಪ್ಪಾ’ ಅನ್ನುತ್ತಾನೆ. ಎಐಗೆ ಆ ಹೊಣೆ ಇಲ್ಲ.

ಮೊಬೈಲ್ ಕಿತ್ಕೋಬೇಡಿ. ಜೊತೆಗೆ ಕೂತು ಉಣ್ಣಿರಿ. ಫಾದರ್‌ ಅವರನ್ನು ನಿಮ್ಮ ಮನೆಗೆ ಕರೆಸಿ. ನಿದ್ದೆ ಹೀಗೇ ಕೆಟ್ಟರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ತೋರಿಸಿ. ರಾತ್ರಿ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ.

ಹಾವೇರಿ ಸದಸ್ಯ: (ಫಾರ್ವರ್ಡ್) ಎಐಗೆ 21 ಸಲ ‘ನನ್ನ ಪಾಪ ತೊಳೆ’ ಎಂದು ಹಾಕಿ. ಖಿನ್ನತೆ ಮಾಯ, ಮಾತ್ರೆ ಬೇಡ.

ಮೇಷ್ಟ್ರು: ಅಳಿಸಿ. ಇದನ್ನು ನಂಬಿ ಯಾರಾದರೂ ಮಾತ್ರೆ ಬಿಟ್ಟರೆ ಜೀವಕ್ಕೇ ಕುತ್ತು. ಎಷ್ಟು ಸಲ ಹೇಳಬೇಕು?

ಇನ್ನೊಬ್ಬರು: ಎಐಗೆ ಆತ್ಮ ಇದೆಯಾ ಸರ್?

ಮೇಷ್ಟ್ರು: ಮೇಲೆ ಓದಿ.

ಧಾರವಾಡ ಸದಸ್ಯ: ಜಪಾನಿನ ಕ್ಯೋಟೋದ ಕೊಡೈಜಿ ಬೌದ್ಧ ದೇವಾಲಯದಲ್ಲಿ 2019ರಲ್ಲೇ ಮಿಂಡಾರ್ ಎಂಬ ರೋಬೋ ಪ್ರವಚನ ಶುರು ಮಾಡಿತು. ಬೌದ್ಧರಿಗಿಲ್ಲದ ತಕರಾರು ಕ್ರೈಸ್ತರಿಗೆ ಯಾಕೆ?

ಹುಬ್ಬಳ್ಳಿ ಸದಸ್ಯ: ಪ್ರವಚನ ಬೇರೆ, ಕ್ಷಮೆ ಬೇರೆ ರೀ. ಮುಂಡಗೋಡಿನ ಟಿಬೆಟನ್ ಬೌದ್ಧ ಮಠಗಳಿಗೆ ಹೋಗಿ ನೋಡಿ. ಭಿಕ್ಷುಗಳು ಎದುರುಬದುರಾಗಿ ಚಪ್ಪಾಳೆ ತಟ್ಟಿ ವಾದ ಮಾಡೇ ಕಲೀತಾರೆ.

ಧಾರವಾಡ ಸದಸ್ಯ: ಕೇಳಿದ್ದೇನು, ಹೇಳೋದೇನು? ಸುಮ್ನೆ ದೊಡ್ಡಸ್ತಿಕೆ.

ಹುಬ್ಬಳ್ಳಿ ಸದಸ್ಯ: ಮಾತು ನೆಟ್ಟಗಿರಲಿ.

ರಾಣೆಬೆನ್ನೂರು ಸದಸ್ಯೆ: ಮಗ ಎಐ ಕಂಪನಿ ಸೇರುತ್ತಾನೆ. ಬೌದ್ಧರ ಸಮ್ಯಕ್ ಆಜೀವಕ್ಕೆ (ಯಾರಿಗೂ ಕೇಡಾಗದ ದುಡಿಮೆ) ಅದು ಒಪ್ಪುತ್ತದಾ?

ಧಾರವಾಡ ಸದಸ್ಯ: ಮೊದಲು ನನ್ನ ಪ್ರಶ್ನೆಗೆ ಉತ್ತರ ಬರಲಿ.

ಮೇಷ್ಟ್ರು: ಜಗಳ ನಿಲ್ಲಿಸಿ, ಇಬ್ಬರೂ. ಗದಗದ ತಂಗಿ, ಫಾದರ್‌ಗೆ ಹೇಳಿದಿರಾ?

ಗದಗ ಸದಸ್ಯೆ: ಹೇಳಿದೆ ಸರ್. ಭಾನುವಾರ ಬರ್ತಾರಂತೆ.

ಮೇಷ್ಟ್ರು: ಅಲ್ಲಿತನಕ ಕಾಯಬೇಡಿ. ನಾಳೆಯೇ ಅವರನ್ನು ತಮ್ಮನ ಜೊತೆ ಫೋನಿನಲ್ಲಿ ಮಾತಾಡಿಸಿ.