ಹದಿನಾರರಲ್ಲಿ ಇಳಿಸು ತಮ್ಮಾ

ನಮ್ಮ ಸಾವ್ಕಾರರ ಮಗ ಶಿಕಾಗೋದಲ್ಲಿದ್ದಾನೆ. ಈ ರಜೆಗೆ ಹೆಂಡತಿ, ಮಕ್ಕಳನ್ನು ಕರೆದುಕೊಂಡು ಯೆಲ್ಲೋಸ್ಟೋನ್ ಅನ್ನೋ ರಾಷ್ಟ್ರೀಯ ಉದ್ಯಾನ ನೋಡಲು ಹೊರಟ. ಬರೀ ಕಾರಿನಲ್ಲಲ್ಲ. ಪಿಕಪ್ ಗಾಡಿಯ ಹಿಂದೆ ಒಂದು ಮನೆಯನ್ನೇ ಕಟ್ಟಿಕೊಂಡು. ಟ್ರೈಲರ್ ಅಂತಾರೆ. ಒಳಗೆ ಹಾಸಿಗೆ, ಗ್ಯಾಸ್ ಒಲೆ, ಫ್ರಿಜ್ಜು, ಸಂಡಾಸು ಎಲ್ಲಾ ಇದೆ.

"ಅಡುಗೆಮನೆ, ಸಂಡಾಸು ಎರಡೂ ಒಂದೇ ಡಬ್ಬಿಯಲ್ಲಾ?" ಎಂದು ಅವನ ಅವ್ವ ಕೇಳಿದರಂತೆ. ಮಗ ಮಾತು ಬದಲಿಸಿದನಂತೆ.

ಆ ಗಾಡಿ ಈಗ ವಯೋಮಿಂಗ್ ರಾಜ್ಯದ ಬಫಲೋ ಅನ್ನೋ ಊರಿಗೆ ಬಂದು ನಿಂತಿತ್ತು. ಎದುರಿಗೆ ಬಿಗ್‌ಹಾರ್ನ್ ಬೆಟ್ಟಗಳು. ದಾಟಲು ಮೂರು ರಸ್ತೆ. ಅವಕ್ಕೆ ನಂಬರೇ ಹೆಸರು: 16, 14, 14ಎ. ಯಾವುದರಲ್ಲಿ ಹೋಗಲಿ ಎಂದು ಮಗ ಅಪ್ಪನನ್ನು ಕೇಳಿದ. ಸಾವ್ಕಾರರು ಹುಬ್ಬಳ್ಳಿ–ಧಾರವಾಡ ಬಿಟ್ಟು ಬೇರೆಲ್ಲೂ ಕಾರು ನಡೆಸಿದವರಲ್ಲ. ಆದರೂ ಗೊತ್ತಿಲ್ಲ ಅನ್ನಲಿಲ್ಲ. "ಸಂಜೆ ಹೇಳ್ತೇನೆ" ಎಂದು ಗಾಂಭೀರ್ಯದಿಂದ ಫೋನ್ ಇಟ್ಟು, ಪ್ರಶ್ನೆಯನ್ನು ಉಣಕಲ್ ಕೆರೆ ದಂಡೆಗೆ ತಂದರು. ಇಲ್ಲಿ ಸಂಜೆ ಆರೂವರೆ ಅಂದರೆ ಅಲ್ಲಿ ಮುಂಜಾನೆ ಏಳು. ಅವನು ಚಹಾ ಕುಡಿದು ಹೊರಡುವುದರೊಳಗೆ ನಾವು ತೀರ್ಮಾನ ಕೊಡಬೇಕು.

ಗಿರ್ಮಿಟ್ ಬಂತು. ಮಿರ್ಚಿ ಬಂತು. ಸಭೆ ಶುರುವಾಯಿತು.

"14ಎ ಬಹಳ ಚಂದ ಇದೆಯಂತೆ. ದೂರದ ತನಕ ಕಾಣಿಸುತ್ತದಂತೆ," ಎಂದರು ಸಾವ್ಕಾರರು.

"ಇಳಿಜಾರು ಎಷ್ಟು?" ಇದು ಡ್ರೈವರ್ ಕಾಕಾ. ಕಾಕಾ ಕಾರವಾರದ ಬಸ್ಸು ಓಡಿಸಿ ರಿಟೈರ್ ಆದವರು. ಅರಬೈಲ್ ಘಟ್ಟದ ತಿರುವುಗಳು ಅವರಿಗೆ ಮೊಮ್ಮಕ್ಕಳ ಹೆಸರಿಗಿಂತ ಚೆನ್ನಾಗಿ ನೆನಪಿವೆ.

"10 ಪರ್ಸೆಂಟ್ ಅಂತ ಬೋರ್ಡ್ ಇದೆಯಂತೆ."

"ಬರೀ ಹತ್ತಾ?" ಎಂದೆ ನಾನು. ಪರೀಕ್ಷೆಯಲ್ಲಾದರೆ ಅದು ಫೇಲು.

ನಮ್ಮ ರೈಲ್ವೆಯವರು ಕೈಯಲ್ಲಿದ್ದ ಮಿರ್ಚಿ ಕೆಳಗಿಟ್ಟರು. ಅವರು ತಿನ್ನುವುದನ್ನು ನಿಲ್ಲಿಸಿದರೆ ವಿಷಯ ದೊಡ್ಡದು ಅಂತಲೇ ಅರ್ಥ. "ಬರೀ ಅನ್ನಬೇಡ್ರಿ. ಕ್ಯಾಸಲ್‌ರಾಕ್‌ನಿಂದ ಕುಳೇಂವರೆಗೆ ಗೋವಾ ಕಡೆಗೆ ನಮ್ಮ ಲೈನು 37 ಅಡಿ ಹೋದರೆ 1 ಅಡಿ ಇಳಿಯುತ್ತದೆ. ನಿಮ್ಮ ಲೆಕ್ಕದಲ್ಲಿ 3 ಪರ್ಸೆಂಟೂ ಆಗಲಿಲ್ಲ. ಅಷ್ಟಕ್ಕೇ ನಾವು ಹೆಚ್ಚಿನ ಎಂಜಿನ್ ಕಟ್ಟುತ್ತೇವೆ. ಬ್ಯಾಂಕರ್ ಅಂತ. ಈ ಹುಡುಗ ಹತ್ತಕ್ಕೆ ಒಂದೇ ಎಂಜಿನ್ ಹಾಕಿಕೊಂಡು ಹೊರಟಿದ್ದಾನೆ!"

ರೈಲಿನ ಉಕ್ಕಿನ ಗಾಲಿಗೂ ರಬ್ಬರ್ ಟೈರಿಗೂ ಹಿಡಿತದಲ್ಲಿ ಬಹಳ ವ್ಯತ್ಯಾಸ ಎಂದು ಮಾಸ್ತರು ಹೇಳಲು ಹೋದರು. ಯಾರೂ ಕೇಳಲಿಲ್ಲ. ಸಾವ್ಕಾರರ ಮುಖ ಆಗಲೇ ಬಿಳುಚಿತ್ತು.

"ಹಾಗಾದರೆ 16 ಹೇಗೆ? ಅದು ಮೂರರಲ್ಲೂ ಎತ್ತರ ಜಾಸ್ತಿ. 9,666 ಅಡಿ. 14ರ ನೆತ್ತಿ 9,033 ಅಡಿ ಅಷ್ಟೇ. ನಮ್ಮ ಮುಳ್ಳಯ್ಯನಗಿರಿಯೇ 6,330 ಅಡಿ ಅಲ್ವಾ? ಅದರ ಮೇಲೆ ಇನ್ನೂ ಅರ್ಧ ಮುಳ್ಳಯ್ಯನಗಿರಿ ಇಟ್ಟ ಹಾಗಾಯ್ತು. ಬೇಡಪ್ಪಾ, ಅದು ಬೇಡವೇ ಬೇಡ."

"ಎತ್ತರ ಯಾರನ್ನೂ ಕೊಲ್ಲಲ್ಲ ಸಾವ್ಕಾರ್ರ," ಎಂದರು ಕಾಕಾ. "ಹತ್ತುವಾಗ ಏನಾಗುತ್ತದೆ? ಗಾಡಿ ದಮ್ಮು ಹತ್ತಿ ನಿಧಾನ ಹೋಗುತ್ತದೆ. ಹೋಗಲಿ. ಎಂಜಿನ್ ಕಾದರೆ ಬದಿಗೆ ನಿಲ್ಲಿಸಿ ಚಹಾ ಕುಡಿಯಲಿ. ಇಳಿಯುವಾಗ ನೋಡ್ರಿ ಇರೋದು ಮಜಾ. 16 ಎತ್ತರ ಹೋದರೂ ಉದ್ದಕ್ಕೆ ನಿಧಾನವಾಗಿ ಇಳಿಯುತ್ತದೆ, ತಿರುವುಗಳೂ ಅಗಲ ಅಂತ ಇವರ ಮಗನೇ ಹೇಳಿದ್ದಾನಲ್ಲ. 14ಎ ಒಂದೇ ಸಲಕ್ಕೆ ಕೆಳಗೆ ಬೀಳಿಸುತ್ತದೆ. ಬ್ರೇಕ್ ಹೋದ ಲಾರಿ ನುಗ್ಗಿಸಲು ಜಲ್ಲಿ ಹಾಕಿ ಪಕ್ಕದ ದಾರಿ ಬೇರೆ ಮಾಡಿಟ್ಟಿದ್ದಾರಂತೆ. ಸರಕಾರ ಸುಮ್ನೆ ದುಡ್ಡು ಹಾಕುತ್ತದಾ?"

ಮಾಸ್ತರಿಗೆ ಈಗ ದಾರಿ ಸಿಕ್ಕಿತು. ಫಿಸಿಕ್ಸ್ ಕಲಿಸಿದವರು. ಜೇಬಿನಿಂದ ಪೆನ್ನು ತೆಗೆದು, ಗಿರ್ಮಿಟ್ ಕಟ್ಟಿದ್ದ ಕಾಗದದ ಮೇಲೆ ಬರೆಯತೊಡಗಿದರು.

"ಗಾಡಿ, ಟ್ರೈಲರು ಎರಡೂ ಸೇರಿ 6 ಟನ್ ಅನ್ನೋಣ. 14ಎ ಸುಮಾರು 1,500 ಮೀಟರ್ ಕೆಳಗೆ ಇಳಿಯುತ್ತದೆ. ನಮ್ಮ ಯಲ್ಲಾಪುರ ಸಮುದ್ರಮಟ್ಟದಿಂದ 500 ಮೀಟರ್ ಚಿಲ್ಲರೆ ಇದೆ, ಅಲ್ಲಿಂದ ಅರಬೈಲ್ ಇಳಿದರೆ ಕರಾವಳಿ. ಅಂದರೆ ಹೆಚ್ಚುಕಡಿಮೆ ಮೂರು ಅರಬೈಲ್, ಒಂದರ ಕೆಳಗೊಂದು. ಅಷ್ಟೂ ಶಕ್ತಿ ಎಲ್ಲಾದರೂ ಹೋಗಬೇಕಲ್ಲ? ಗಾಳಿ, ಟೈರು ಸ್ವಲ್ಪ ನುಂಗುತ್ತವೆ. ಉಳಿದದ್ದನ್ನು ಬ್ರೇಕಿಗೇ ಬಿಟ್ಟರೆ ಶಾಖ ಆಗುತ್ತದೆ. ಒಟ್ಟು ಲೆಕ್ಕ ಹಾಕಿದರೆ 280 ಲೀಟರ್ ನೀರು ಕುದಿಸಬಹುದು."

"ಇಡೀ ಓಣಿಗೆ ಚಹಾ ಆಯ್ತು," ಎಂದರು ರೈಲ್ವೆಯವರು.

"ಆ ಚಹಾ ನನ್ನ ಮಗನ ಗಾಲಿಯಲ್ಲಿ ಕುದಿಯುವುದು ಬೇಡ," ಎಂದು ಸಾವ್ಕಾರರು ಬೆವರು ಒರೆಸಿಕೊಂಡರು. ಅಷ್ಟರಲ್ಲೇ ಅವರಿಗೊಂದು ಉಪಾಯ ಹೊಳೆಯಿತು. "ನ್ಯೂಟ್ರಲ್‌ಗೆ ಹಾಕಿ ಇಳಿದರೆ? ಎಣ್ಣೆಯಾದರೂ ಉಳಿಯುತ್ತದೆ. ನಾನು ಧಾರವಾಡದಿಂದ ಬರುವಾಗ ಇಳಿಜಾರು ಸಿಕ್ಕಲ್ಲೆಲ್ಲ ಹಾಗೇ ಮಾಡೋದು."

ಕಾಕಾ ಎದ್ದು ನಿಂತರು. ನಿಜಕ್ಕೂ ಎದ್ದು ನಿಂತರು. ಪಕ್ಕದ ಬೆಂಚಿನವರು ತಿರುಗಿ ನೋಡಿದರು.

"ನ್ಯೂಟ್ರಲ್ಲಾ! ಗಣಿ ಕಾಲದಲ್ಲಿ ಬಳ್ಳಾರಿಯಿಂದ ಬೇಲೇಕೇರಿ ಬಂದರಿಗೆ ಅದಿರು ತುಂಬಿದ ಲಾರಿಗಳು ಸಾಲುಗಟ್ಟಿ ಅರಬೈಲ್ ಇಳಿಯುತ್ತಿದ್ದವು. ಬ್ರೇಕ್ ಸುಟ್ಟ ವಾಸನೆ ಬಸ್ಸಿನೊಳಗೆ ಬರುತ್ತಿತ್ತು. ಎಣ್ಣೆ ಉಳಿಸಲು ಹೋದವರ ಲಾರಿ ಕಂದಕದಲ್ಲಿರುತ್ತಿತ್ತು. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಎಂಜಿನ್ನೇ ಹಿಡಿದುಕೊಳ್ಳಬೇಕು. ಬ್ರೇಕನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ಬಿಡಬೇಕು, ತಣ್ಣಗಾಗಲು ಬಿಡಬೇಕು. ಕಾಲು ಇಟ್ಟುಕೊಂಡೇ ಇಳಿಯಬಾರದು."

"ಎಣ್ಣೆಯೂ ಉಳಿಯಲ್ಲ," ಎಂದು ಮಾಸ್ತರು ತಣ್ಣಗೆ ಸೇರಿಸಿದರು. "ಈಗಿನ ಕಾರು ಗೇರಿನಲ್ಲಿದ್ದು ಎಕ್ಸಲರೇಟರ್ ಬಿಟ್ಟರೆ ಇಳಿಜಾರಿನಲ್ಲಿ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಬಂದ್ ಆಗದಂತೆ ಒಂದಿಷ್ಟು ಸುಡಲೇಬೇಕು."

ಸಾವ್ಕಾರರು ಸುಮಾರು ಹೊತ್ತು ಮಾತಾಡಲಿಲ್ಲ. ಮಗನ ಪ್ರಾಣದ ವಿಚಾರಕ್ಕಿಂತ ಈ ಸುದ್ದಿ ಅವರಿಗೆ ಜೋರಾಗಿ ನಾಟಿದಂತೆ ಕಂಡಿತು.

ಆಗ ಮಗನೇ ವಿಡಿಯೋ ಕಾಲ್ ಮಾಡಿದ. ಹಿಂದೆ ಬಿಳೀ ಟ್ರೈಲರು, ಅದರ ಬಾಗಿಲಲ್ಲಿ ಸೊಸೆ ಕಾಫಿ ಲೋಟ ಹಿಡಿದು ನಿಂತಿದ್ದಳು. ಕಾಕಾ ಫೋನ್ ಕಸಿದುಕೊಂಡರು.

"ತಮ್ಮಾ, ಗಾಡಿಗೆ ಗೇರ್ ಇದೆಯಾ?"

"ಆಟೋಮ್ಯಾಟಿಕ್ ಕಾಕಾ. ಟೋ ಹಾಲ್ ಅಂತ ಬಟನ್ ಇದೆ. ಒತ್ತಿದರೆ ಇಳಿಜಾರಿನಲ್ಲಿ ತಾನೇ ಗೇರ್ ಇಳಿಸಿಕೊಳ್ಳುತ್ತದೆ."

ಕಾಕಾರ ಮುಖ ಸಣ್ಣದಾಯಿತು. ಜೀವಮಾನದ ವಿದ್ಯೆಯನ್ನು ಒಂದು ಬಟನ್ನಿನೊಳಗೆ ಹಾಕಿಟ್ಟರೆ ಯಾರಿಗಾದರೂ ಬೇಜಾರಾಗುತ್ತದೆ. ಆದರೆ ಟ್ರೈಲರಿಗೇ ಬೇರೆ ಬ್ರೇಕು, ಅದಕ್ಕೆ ಕೈಯಲ್ಲಿ ಒತ್ತುವ ಬೇರೆ ಗುಂಡಿ ಇದೆ ಎಂದು ಗೊತ್ತಾದಾಗ ಮತ್ತೆ ಅರಳಿದರು. "ಅದು ನೋಡು! ಹಿಂದಿನ ಡಬ್ಬಿ ಬಾಲ ಆಡಿಸಿದರೆ ಕಾಲು ಬ್ರೇಕಿಗೆ ಹೋಗಬಾರದು. ಆ ಗುಂಡಿಯನ್ನೇ ಮೆಲ್ಲಗೆ ಒತ್ತು."

"ಸಾಮಾನು ಹಿಂದುಗಡೆ ತುಂಬಿದ್ದೀಯಾ?" ಎಂದು ಮಾಸ್ತರು ಬಾಗಿ ಕೇಳಿದರು. "ಟ್ರೈಲರಿನ ತೂಕದಲ್ಲಿ 10ರಿಂದ 15 ಪರ್ಸೆಂಟ್ ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಇಲ್ಲದಿದ್ದರೆ ಅದು ಆಡೇ ಆಡುತ್ತದೆ."

ಹಿಂದುಗಡೆ ಅವನ ಅವ್ವ ಕಳಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಕ್ಕಿ ಚೀಲ, ಕುಕ್ಕರ್ ಇದ್ದವು. ಎಲ್ಲವೂ ಮುಂದೆ ಬರಬೇಕೆಂದು ಹುಬ್ಬಳ್ಳಿಯಿಂದ ಆದೇಶವಾಯಿತು. ಸೊಸೆ ಕಾಫಿ ಲೋಟ ಕೆಳಗಿಟ್ಟಳು.

"ಯಾವ ರಸ್ತೆ ಕಾಕಾ? ಬೆಟ್ಟವೇ ಬೇಡವೆಂದರೆ 90 ನಂಬರಿನ ಹೆದ್ದಾರಿಯಲ್ಲಿ ಬಿಲ್ಲಿಂಗ್ಸ್ ಊರು ಸುತ್ತಿ ಹೋಗಬಹುದು. ದೂರ ಆಗುತ್ತದೆ."

"16ರಲ್ಲಿ ಇಳಿಸು. ಹೊರಡುವ ಮೊದಲು ಟೈರಿನ ಗಾಳಿ ನೋಡು. ಮ್ಯಾಪ್ ಮಾತು ಕೇಳಬೇಡ, ನಿನ್ನ ಹಿಂದೆ ಡಬ್ಬಿ ಇದೆ ಅಂತ ಅದಕ್ಕೆ ಗೊತ್ತಿಲ್ಲ."

"ಮಕ್ಕಳನ್ನು ಹಿಂದೆ ಮಲಗಿಸಿಬಿಡು, ಘಟ್ಟದಲ್ಲಿ ವಾಂತಿ ಆಗಲ್ಲ," ಎಂದರು ಸಾವ್ಕಾರರು.

"ಓಡುವಾಗ ಟ್ರೈಲರಿನೊಳಗೆ ಯಾರೂ ಇರುವಂತಿಲ್ಲ ಅಪ್ಪಾ. ಇಲ್ಲಿ ಕಾನೂನು."

"ಹಾಸಿಗೆ ಇದೆ, ಮಲಗುವಂತಿಲ್ಲ. ಸಂಡಾಸು ಇದೆ, ಹೋಗುವಂತಿಲ್ಲ. ಮತ್ತೆ ಯಾಕಪ್ಪಾ ಎಳ್ಕೊಂಡು ತಿರುಗ್ತೀ?"

ಲೈನ್ ಕಟ್ಟಾಯಿತು. ನೆಟ್‌ವರ್ಕ್ ಹೋಯಿತೋ, ಅವನೇ ಕಟ್ ಮಾಡಿದನೋ.

ಸಾವ್ಕಾರರು ಕೊನೇ ಮಿರ್ಚಿ ಎತ್ತಿಕೊಂಡರು. "ಇಂಥದೊಂದು ಇಲ್ಲಿ ಬಾಡಿಗೆಗೆ ಸಿಕ್ಕರೆ ಗೋಕರ್ಣಕ್ಕೆ ಹೋಗಿ ಬರಬಹುದಲ್ವಾ?"

"ಶಿರಸಿ ಮೇಲೆ, ದೇವಿಮನೆ ಘಟ್ಟದಲ್ಲಿ," ಎಂದರು ಮಾಸ್ತರು.

"ಅನಮೋಡದಲ್ಲಿ ಇಳಿದು ಗೋವಾ ನೋಡಿಕೊಂಡು," ಎಂದರು ರೈಲ್ವೆಯವರು.

"ಅರಬೈಲ್ ಬಿಟ್ಟು ಬೇರೆ ಘಟ್ಟದಲ್ಲಿ ನಾನು ಸ್ಟೀರಿಂಗ್ ಹಿಡಿಯಲ್ಲ," ಎಂದರು ಕಾಕಾ.

"ನಿಮಗೆ ಸ್ಟೀರಿಂಗ್ ಕೊಡ್ತೇನೆ ಅಂತ ಯಾರು ಹೇಳಿದರು?"