ಅಪ್‌ಡೇಟ್: ಗೇಮ್‌ನ ಗುಂಡಿಗೆ ಎಷ್ಟು ಫಿಸಿಕ್ಸ್ ಸಾಕು?

ನನ್ನ ಶೂಟಿಂಗ್ ಗೇಮ್‌ನಲ್ಲಿ ಗುಂಡು ನಿಜವಾಗಿ ಹಾರಬೇಕಾ, ಟ್ರಿಗರ್ ಒತ್ತಿದ ತಕ್ಷಣ ತಗುಲಿದರೆ ಸಾಕಾ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಎರಡನ್ನೂ ಇಟ್ಟುಕೊಂಡಿದ್ದೇನೆ.

ಪಿಸ್ತೂಲಿಗೆ ಹಿಟ್‌ಸ್ಕ್ಯಾನ್, ಅಂದರೆ ಟ್ರಿಗರ್ ಒತ್ತಿದ ತಕ್ಷಣ ತಗುಲುವ ವಿಧಾನ. 20 ಮೀಟರ್‌ನಲ್ಲಿ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ.

ರೈಫಲ್‌ಗೆ ಮಾತ್ರ ಹಾರುವ ಗುಂಡು. ವೇಗ ಸೆಕೆಂಡಿಗೆ 900 ಮೀಟರ್. ಸೆಕೆಂಡಿಗೆ 60 ಫ್ರೇಮ್ (ಪರದೆಯ ಚಿತ್ರ) ಲೆಕ್ಕದಲ್ಲಿ ಒಂದೊಂದು ಫ್ರೇಮಿಗೂ 15 ಮೀಟರ್ ಜಿಗಿಯುತ್ತದೆ. ಮಧ್ಯೆ ತೆಳುವಾದ ಗೋಡೆ ಇದ್ದರೆ ಸುಮ್ನೆ ದಾಟಿಬಿಡುತ್ತದೆ! ಅದಕ್ಕೇ ಪ್ರತಿ ಫ್ರೇಮ್‌ನಲ್ಲೂ ಹಿಂದಿನ ಜಾಗದಿಂದ ಈಗಿನ ಜಾಗದವರೆಗೆ ರೇಕಾಸ್ಟ್ ಹಾಕುತ್ತೇನೆ, ಅಂದರೆ ನೇರ ಗೆರೆ ಎಳೆದು ಮಧ್ಯೆ ಏನಾದರೂ ಅಡ್ಡ ಬರುತ್ತದಾ ಅಂತ ನೋಡುತ್ತೇನೆ. ಗುರುತ್ವವೂ ಇದೆ: 300 ಮೀಟರ್‌ಗೆ ಸುಮಾರು ಅರ್ಧ ಮೀಟರ್ ಇಳಿತ. ತಲೆಗೆ ಗುರಿಯಿಟ್ಟರೆ ಎದೆಗೆ ಬೀಳುತ್ತದೆ. ಆಡುವವರು ಇದನ್ನು ಬೇಗ ಕಲಿಯುತ್ತಾರೆ, ಖುಷಿಯೂ ಜಾಸ್ತಿ.

ಗಾಳಿಯ ಹೊಡೆತವನ್ನು ಕೈಬಿಟ್ಟೆ. ಕಣ್ಣಿಗೆ ಕಾಣದ ಕಾರಣಕ್ಕೆ ಗುರಿ ತಪ್ಪಿದರೆ ಆಟಗಾರರಿಗೆ ಸಿಟ್ಟು ಬರುತ್ತದೆ ಅಲ್ವಾ? ಮುಂದಿನ ಕೆಲಸ, ಮಲ್ಟಿಪ್ಲೇಯರ್ ಲ್ಯಾಗ್ (ಹಲವರು ನೆಟ್‌ನಲ್ಲಿ ಒಟ್ಟಿಗೆ ಆಡುವಾಗ ಆಗುವ ತಡ).